ಹಳೆ ಜೀಪಿನ ಮೋಜು ಯಾರ ಲೆಕ್ಕಕ್ಕೆ?

ಕೆಲಸವಿಲ್ಲದೆ ಗುಡ್ಡೆ ಹತ್ತುವವನನ್ನು ನಮ್ಮ ಹಿರಿಯರು ಎರಡೇ ಮಾತಿನಲ್ಲಿ ವಿಚಾರಿಸುತ್ತಿದ್ದರು: "ಸೊಪ್ಪಿಗಾ? ದನ ಹುಡುಕ್ಲಿಕ್ಕಾ?" ಎರಡೂ ಅಲ್ಲವೆಂದರೆ ಅವನ ತಲೆ ಸರಿ ಇಲ್ಲವೆಂದು ಲೆಕ್ಕ. ಈಗ ಭಾನುವಾರ ಬಂದರೆ ಹಳೆಯ ಜೀಪು ಹತ್ತಿ, ರೋಡು ಬಿಟ್ಟು, ಕಲ್ಲು ಕೆಸರು ಇರುವ ಕಡೆಯನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ. ಸೊಪ್ಪಿಗೂ ಅಲ್ಲ, ದನಕ್ಕೂ ಅಲ್ಲ. ಇದಕ್ಕೆ ಆಫ್‌ರೋಡ್ ಎಂದು ಹೆಸರು. ಅಂಥವರಲ್ಲಿ ನಾನೂ ಒಬ್ಬ. ನಾವು ಮೂವರು ಸೇರಿ ಒಂದು ಹಳೆಯ ಜೀಪನ್ನು ಇಟ್ಟುಕೊಂಡಿದ್ದೇವೆ.

ವಾಚನಾಲಯದ ಜಗಲಿಯಲ್ಲಿ ಪೇಪರು ಓದುವ ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. "ಅಲ್ಲ ಮಾರಾಯ, ರೋಡು ಬೇಕು ರೋಡು ಬೇಕು ಅಂತ ನಾವು ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆಸಿದೆವು. ಈಗ ರೋಡು ಬಂದ ಮೇಲೆ ನೀನು ರೋಡು ಬಿಟ್ಟು ಹೋಗುವುದಾ?" ನಗೆಯಾಡಿ ಕೇಳಿದ ಮಾತು. ಆದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ಬೇಡದ ಕಷ್ಟವನ್ನು ದುಡ್ಡು ಕೊಟ್ಟು ತಂದುಕೊಳ್ಳುವುದು ಮೂರ್ಖತನ ಅಲ್ವಾ ಎಂಬುದು ಒಂದು. ಒಬ್ಬರಿಗೆ ಕಷ್ಟವಾಗಿದ್ದುದನ್ನು ಇನ್ನೊಬ್ಬರು ಮೋಜು ಮಾಡಿಕೊಳ್ಳಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು ಹಾಗಲ್ಲ. ಈ ಬರಹ ಅದನ್ನು ಬಿಡಿಸಿ ನೋಡುವುದಕ್ಕೆ.

ಮೊದಲು ಜೀಪಿನ ಕತೆ. ಜೀಪು ಹುಟ್ಟಿದ್ದು ಮೋಜಿಗಲ್ಲ, ಯುದ್ಧಕ್ಕೆ. ನಾಲ್ಕೂ ಚಕ್ರ ಎಳೆಯುವ ಒಂದು ಹಗುರ ಗಾಡಿ ಬೇಕೆಂದು 1940ರಲ್ಲಿ ಅಮೆರಿಕದ ಸೈನ್ಯ 135 ಕಂಪೆನಿಗಳನ್ನು ಕೇಳಿತು. ಬ್ಯಾಂಟಮ್ ಎಂಬ ಚಿಕ್ಕ ಕಂಪೆನಿ 49 ದಿನಗಳ ಒಳಗೆ ಮಾದರಿ ಗಾಡಿಯನ್ನು ತಯಾರಿಸಿ ತಂದು ನಿಲ್ಲಿಸಿತು. ಆಮೇಲೆ ಅದನ್ನು ರಾಶಿ ರಾಶಿಯಾಗಿ ಮಾಡಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು. ಯುದ್ಧ ಮುಗಿಯುವಾಗ ಆರು ಲಕ್ಷಕ್ಕಿಂತ ಹೆಚ್ಚು ಜೀಪುಗಳು ತಯಾರಾಗಿದ್ದವು. ಆ ಜೀಪಿನ ಎಂಜಿನ್ನಿಗೆ ಇದ್ದದ್ದು ಬರೀ 60 ಕುದುರೆಯ ಶಕ್ತಿ. ನಮ್ಮ ದೇಶದಲ್ಲಿ ಮಹೀಂದ್ರಾ ಕಂಪೆನಿಯವರು 1947ರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಲಿಕ್ಕೆ ಸುರು ಮಾಡಿದರು. 1980ರ ದಶಕದಲ್ಲಿ ಡೀಸೆಲಿನ ಎಂಎಂ 540 ಬಂತು. 1985ರ ಕೊನೆಗೆ ಮಾರುತಿಯವರ ಜಿಪ್ಸಿ ಬಂತು. ಅದರದ್ದು ಒಂದು ಲೀಟರೂ ತುಂಬದ ಚಿಕ್ಕ ಪೆಟ್ರೋಲ್ ಎಂಜಿನ್.

ನಮ್ಮ ಜಿಲ್ಲೆಗೂ ಜೀಪು ಬಂದದ್ದು ದುಡಿಯಲಿಕ್ಕೆ. ಬಂದಡ್ಕ, ಪಾಣತ್ತೂರು, ಅಡೂರು, ದೇಲಂಪಾಡಿಯಂಥ ಮೂಡು ಮಗ್ಗುಲಿನ ಊರುಗಳನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಬಸ್ಸು ನಿಲ್ಲುವಲ್ಲಿಂದ ಮೇಲೆ ಜೀಪೇ ಗತಿ. ಎದುರು ನಾಲ್ಕು ಜನ, ಹಿಂದೆ ಲೆಕ್ಕವಿಲ್ಲದಷ್ಟು, ಪಾವಟಿಗೆಯಲ್ಲಿ ನೇತಾಡುವವರು ಬೇರೆ. ಅಡಿಕೆ, ರಬ್ಬರು ಶೀಟು, ಹಿಂಡಿ ಗೋಣಿ, ಸಿಮೆಂಟು, ಮದುವೆಯ ದಿಬ್ಬಣ, ಹೆರಿಗೆಗೆ ಹೊರಟ ಹೆಂಗಸು, ಎಲ್ಲ ಅದರಲ್ಲೇ. ಒಂದೊಂದು ಊರಿನಲ್ಲಿ ರಾತ್ರಿ ಎಷ್ಟು ಹೊತ್ತಿಗೆ ಕರೆದರೂ ಎದ್ದು ಬರುವ ಜೀಪು ಡ್ರೈವರ್ ಒಬ್ಬ ಇರುತ್ತಿದ್ದ. ಅವನ ಮನೆ ಎಲ್ಲಿ ಎಂದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಈಗ ನಾವು ಮೋಜಿಗೆ ಇಟ್ಟುಕೊಂಡ ಜೀಪುಗಳಲ್ಲಿ ಹೆಚ್ಚಿನವು ಹೀಗೆ ದುಡಿದು ಹಣ್ಣಾದವುಗಳೇ. ರೋಡು ಒಳ್ಳೆಯದಾಯಿತು, ಆಟೋ ಬಂತು, ಪಿಕಪ್ ಬಂತು. ಜೀಪು ಮೂಲೆಗೆ ಬಿತ್ತು. ಮೂಲೆಗೆ ಬಿದ್ದದ್ದನ್ನು ನಾವು ಎತ್ತಿಕೊಂಡೆವು.

ಇನ್ನು ಇದರಲ್ಲಿ ಮೋಜು ಎಂಥದು ಎಂದು ಕೇಳಿದರೆ, ಅದು ವೇಗದ ಮೋಜು ಅಲ್ಲ ಎಂದು ಮೊದಲೇ ಹೇಳಬೇಕು. ಫೋರ್‌ವೀಲ್ ಹಾಕಿ, ಲೋ ಗೇರಿಗೆ ಇಳಿಸಿದರೆ ಜೀಪು ಮನುಷ್ಯ ನಡೆಯುವುದಕ್ಕಿಂತಲೂ ಮೆಲ್ಲ ಹೋಗುತ್ತದೆ. ಮೆಲ್ಲ ಹೋಗುವುದರಲ್ಲೇ ಅದರ ಬಲ. ಕಡಿದಾದ ಇಳಿಜಾರಿನಲ್ಲಿ ಕ್ಲಚ್ಚು ತುಳಿಯದೆ, ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುವ ಹಾಗೆ ಬಿಡಬೇಕು. ಹೆದರಿ ಕ್ಲಚ್ಚು ತುಳಿದರೆ ಗಾಡಿ ಕೈಬಿಟ್ಟ ಹಾಗೆ.

ನಾಲ್ಕು ಚಕ್ರ ಎಳೆಯುತ್ತದೆ ಎಂದ ಮಾತ್ರಕ್ಕೆ ಎಲ್ಲಿಗೂ ಹೋಗಬಹುದು ಎಂದು ಹೊಸಬರು ತಿಳಿದುಕೊಳ್ಳುತ್ತಾರೆ. ಹಾಗಿಲ್ಲ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದ್ದು ಕಡಿಮೆ. ಅದಕ್ಕೆ ಅನುಕೂಲವಾಗಲಿ ಎಂದು ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇಟ್ಟಿರುತ್ತಾರೆ. ಟಾರು ರೋಡಿನಲ್ಲಿ ಅದರಿಂದ ಉಪಕಾರ, ಕೆಸರಿನಲ್ಲಿ ಅದರದ್ದೇ ಉಪದ್ರ. ಯಾವ ಚಕ್ರಕ್ಕೆ ನೆಲದ ಹಿಡಿತ ತಪ್ಪಿತೋ ಅದು ಗರಗರ ತಿರುಗುತ್ತದೆ. ಹಿಡಿತ ಇರುವ ಚಕ್ರ ಸುಮ್ಮನೆ ನಿಲ್ಲುತ್ತದೆ. ಮುಂದಿನದ್ದೊಂದು ಹಿಂದಿನದ್ದೊಂದು ಚಕ್ರ ಗಾಳಿಯಲ್ಲಿ ನಿಂತಿತೋ, ಫೋರ್‌ವೀಲ್ ಇದ್ದರೂ ಹಳೆ ಜೀಪು ಅಲ್ಲಾಡುವುದಿಲ್ಲ. ಆಗ ಸಿಟ್ಟಿನಲ್ಲಿ ಎಕ್ಸಿಲೇಟರ್ ಒತ್ತುವವನು ತಾನು ಹೂತುಹೋಗುವ ಹೊಂಡವನ್ನು ತಾನೇ ತೋಡುತ್ತಾನೆ. ಮಾಡಬೇಕಾದ್ದು ಬೇರೆ. ಎಂಜಿನ್ ಬಂದ್ ಮಾಡಿ ಇಳಿಯಬೇಕು. ಸುತ್ತ ಬರಬೇಕು. ಯಾವ ಚಕ್ರದಡಿಗೆ ಕಲ್ಲು ಬೇಕು, ಯಾವ ಕಡೆಗೆ ಇಬ್ಬರು ನಿಂತು ಭಾರ ಕೊಡಬೇಕು, ಹಾರೆಯಿಂದ ಎಲ್ಲಿ ಮಣ್ಣು ಎಳೆಯಬೇಕು ಎಂದು ನೋಡಬೇಕು. ನಾಲ್ಕು ಜನ ನಾಲ್ಕು ಮಾತು ಹೇಳುತ್ತಾರೆ. ಒಂದು ಸರಿಯಾಗುತ್ತದೆ. ಗಾಡಿ ಒಂದು ಗೇಣು ಮುಂದೆ ಬಂದಾಗ ಬರುವ ಸಂತೋಷ ಉಂಟಲ್ಲ, ನೂರು ಕಿಲೋಮೀಟರ್ ಸ್ಪೀಡಿನಲ್ಲಿ ಅದು ಸಿಕ್ಕುವುದಿಲ್ಲ.

ಗಾಡಿ ಹಳೆಯದಾಗಿ, ಅಗ್ಗದ್ದಾಗಿ ಇರುವುದರಿಂದ ಈ ಸಂತೋಷ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಈಗಿನ ಹೊಸ ಗಾಡಿಗಳಲ್ಲಿ ಯಾವ ಚಕ್ರ ಜಾರುತ್ತಿದೆ ಎಂದು ಗಾಡಿಯೇ ತಿಳಿದುಕೊಂಡು ಅದಕ್ಕೆ ಬ್ರೇಕು ಹಾಕುತ್ತದೆ. ಒಳಗೆ ಕೂತವನು ನೆಲವನ್ನು ನೋಡಬೇಕಾಗಿಲ್ಲ. ಹಳೆ ಜೀಪಿನಲ್ಲಿ ನೆಲವನ್ನು ನೋಡದೆ ಆಗುವುದಿಲ್ಲ. ಹೊಸ ಗಾಡಿಗೆ ಒಂದು ಕೊಂಬೆ ಗೀರಿದರೆ ಯಜಮಾನನಿಗೆ ಎರಡು ರಾತ್ರಿ ನಿದ್ದೆ ಇಲ್ಲ. ಹಳೆ ಜೀಪಿನ ಮೈಯಲ್ಲಿ ಇನ್ನೊಂದು ಗೀರಿಗೆ ಜಾಗವೇ ಉಳಿದಿರುವುದಿಲ್ಲ. ಅದರ ಸಾಮಾನು ಗುಜರಿಯಲ್ಲಿ ಸಿಗುತ್ತದೆ. ಅದರ ಹೊಟ್ಟೆಯೊಳಗೆ ಏನುಂಟು ಎಂದು ಊರಿನ ಮೆಕ್ಯಾನಿಕ್‌ಗೆ ಕಣ್ಣು ಮುಚ್ಚಿದರೂ ಗೊತ್ತು. ಅದಕ್ಕಿಂತಲೂ ಮುಖ್ಯ ಇನ್ನೊಂದು. ಈ ಆಟದಲ್ಲಿ ರಬ್ಬರು ಟ್ಯಾಪ್ ಮಾಡುವವನೂ, ಬ್ಯಾಂಕಿನಲ್ಲಿ ಕೆಲಸ ಮಾಡುವವನೂ, ಗಲ್ಫಿನಿಂದ ರಜೆಯಲ್ಲಿ ಬಂದವನೂ ಒಂದೇ ಹಗ್ಗ ಎಳೆಯುತ್ತಾರೆ. ಹಗ್ಗ ಎಳೆಯುವಾಗ ಯಾರ ಕೈಯಲ್ಲಿ ದುಡ್ಡೆಷ್ಟು ಎಂದು ಯಾರೂ ಕೇಳುವುದಿಲ್ಲ.

ಆದರೆ ಅಗ್ಗದ ಗಾಡಿ ಎಂದರೆ ಬ್ರೇಕಿಲ್ಲದ ಗಾಡಿ ಅಂತ ಅರ್ಥ ಅಲ್ಲ. ಸ್ವಂತ ಗಾಡಿಯ ರಿಜಿಸ್ಟ್ರೇಶನ್ ಇರುವುದು 15 ವರ್ಷಕ್ಕೆ. ಆಮೇಲೆ 5 ವರ್ಷಕ್ಕೊಮ್ಮೆ ಗಾಡಿಯನ್ನು ತೋರಿಸಿ ಹೊಸತು ಮಾಡಿಸಬೇಕು. ಇದು ಉಪದ್ರ ಎಂದು ಗೊಣಗುವವರು ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಗಾಡಿಯ ಬಣ್ಣ ಹೋದರೆ ನಷ್ಟ ನನ್ನದು. ಬ್ರೇಕು ಹೋದರೆ ನಷ್ಟ ಎದುರಿನಿಂದ ನಡೆದುಕೊಂಡು ಬರುವ ಶಾಲೆಯ ಮಗುವಿನದ್ದು. ನನ್ನ ಆಟದ ಖರ್ಚು ನನ್ನ ಲೆಕ್ಕಕ್ಕೆ ಬರಬೇಕು, ಮತ್ತೊಬ್ಬರ ಲೆಕ್ಕಕ್ಕೆ ಹೋಗಬಾರದು. ಈ ಒಂದು ಮಾತನ್ನು ಹಿಡಿದುಕೊಂಡರೆ ಮುಂದಿನ ಪ್ರಶ್ನೆಗಳನ್ನು ನೋಡಲಿಕ್ಕೆ ಸುಲಭ.

ಬೇಡದ ಕಷ್ಟವನ್ನು ತಂದುಕೊಳ್ಳುವುದು ಮೂರ್ಖತನವೇ? ಹಾಗಾದರೆ ಆಟಗಳೆಲ್ಲ ಮೂರ್ಖತನವೇ. ಚೆಂಡನ್ನು ಗೋಲಿನೊಳಗೆ ಹಾಕುವುದೇ ಉದ್ದೇಶವಾದರೆ ಕೈಯಲ್ಲಿ ಎತ್ತಿಕೊಂಡು ಹೋಗಿ ಹಾಕಬಹುದಿತ್ತು. ಹಾಗೆ ಮಾಡಿದರೆ ಅದು ಫುಟ್‌ಬಾಲ್ ಆಗುವುದಿಲ್ಲ. ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರಲ್ಲಿ ಆಟದ ಬಗ್ಗೆಯೇ ಒಂದು ಪುಸ್ತಕ ಬರೆದ. ಅಗತ್ಯವಿಲ್ಲದ ಅಡ್ಡಿಗಳನ್ನು ನಾವೇ ಒಪ್ಪಿ ತಂದುಕೊಂಡು ಅವನ್ನು ದಾಟಲು ನೋಡುವುದೇ ಆಟ ಎಂಬುದು ಅವನ ವಾದದ ತಿರುಳು. ನಮಗೆ ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪೈವಳಿಕೆಯಲ್ಲಿ ಕಂಬಳ ನೋಡಿದವರಿಗೆ ಗೊತ್ತು, ಕೋಣಗಳಿಗೆ ಕೆಸರಿನಲ್ಲೇ ಓಡಬೇಕು ಎಂಬ ಹಟ ಇಲ್ಲ. ಆ ಹಟ ನಮ್ಮದು. ಆಟಿ ತಿಂಗಳಲ್ಲಿ ಊರೂರಿನಲ್ಲಿ 'ಕೆಸರ್ಡ್ ಒಂಜಿ ದಿನ' ಎಂದು ಗದ್ದೆಗಿಳಿದು ಹಗ್ಗ ಎಳೆಯುತ್ತಾರೆ, ಓಡುತ್ತಾರೆ, ಬೀಳುತ್ತಾರೆ. ಆ ದಿನ ಮೈಗೆಲ್ಲ ಕೆಸರು ಮಾಡಿಕೊಂಡು ನಗುವ ಮಕ್ಕಳ ಅಜ್ಜಿಯರು ಅದೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನೇಜಿ ನೆಟ್ಟವರು. ಅವರಿಗೆ ಆ ಕೆಸರು ಕೂಲಿ. ಮಕ್ಕಳಿಗೆ ಆಟ. ಅದನ್ನು ನೋಡಿ ಅಜ್ಜಿ ಬೇಸರಪಡುವುದಿಲ್ಲ. ದಡದಲ್ಲಿ ಕೂತು ತಾನೂ ನಗುತ್ತಾಳೆ. ಯಾಕೆಂದರೆ ಆಗಿನ ಕಷ್ಟ ಈಗ ಇಲ್ಲ. ಮುಗಿದ ಕಷ್ಟವನ್ನು ಆಟ ಮಾಡಿಕೊಂಡರೆ ಯಾರಿಗೂ ನೋವಿಲ್ಲ.

ಆಟ ಸುಮ್ಮನೆ ವ್ಯರ್ಥ ಎಂದೂ ಹೇಳಲಾಗದು. 2018ರ ನೆರೆಯಲ್ಲಿ ಕೇರಳ ಮುಳುಗಿದಾಗ ದೋಣಿಗಳನ್ನು ಲಾರಿಗೆ ಹೇರಿಕೊಂಡು ಬಂದ ಮೀನುಗಾರರನ್ನು ನಾವೆಲ್ಲ ಹೊಗಳಿದೆವು. ಅದು ಸರಿಯೇ. ಆಗ ನೀರು ನಿಂತ ರೋಡುಗಳಲ್ಲಿ ಫೋರ್‌ವೀಲ್ ಗಾಡಿಗಳನ್ನು ಓಡಿಸಿ ಜನರನ್ನು, ಮದ್ದು ಅಕ್ಕಿಗಳನ್ನು ಸಾಗಿಸಿದವರಲ್ಲಿ ಇದೇ ಭಾನುವಾರದ ಹುಚ್ಚಿನವರೂ ಇದ್ದರು. ಗಾಡಿಯನ್ನು ನೀರಿನಲ್ಲಿ ನಡೆಸಲಿಕ್ಕೆ ಅವರು ಕಲಿತದ್ದು ಆಟದಲ್ಲಿ. ಆದರೂ ಇದನ್ನೇ ಹೇಳಿ ಮೋಜಿಗೆ ಸಮರ್ಥನೆ ಕೊಡುವುದು ನನಗೆ ಇಷ್ಟವಿಲ್ಲ. ಮಕ್ಕಳು ಓಡಿ ಆಡುವುದು ಮುಂದೆ ಪೊಲೀಸ್ ಕೆಲಸ ಸಿಗಲಿ ಎಂದಲ್ಲ. ಸಂತೋಷಕ್ಕೆ ಯಾವಾಗಲೂ ಉಪಯೋಗದ ಸರ್ಟಿಫಿಕೇಟು ಕೇಳುವುದು ಸರಿಯಲ್ಲ. ಅದು ಯಾರ ಖರ್ಚಿನಲ್ಲಿ ಬಂತು ಎಂದು ಮಾತ್ರ ಕೇಳಬೇಕು.

ಇಲ್ಲಿಂದ ಎರಡನೇ ಪ್ರಶ್ನೆ. ನಾವು ಹೋಗುವ ಒಂದು ಗುಡ್ಡೆಯ ನೆತ್ತಿಯ ಹತ್ತಿರ ಏಳೆಂಟು ಮನೆಗಳಿವೆ. ಊರಿನ ಹೆಸರು ಇಲ್ಲಿ ಬೇಡ. ಕೆಳಗಿನ ರೋಡಿನಿಂದ ಅಲ್ಲಿಗೆ ಒಂದೂವರೆ ಕಿಲೋಮೀಟರ್ ಏರು. ಮುರಕಲ್ಲಿನ ಮೆಟ್ಟಲು ಮೆಟ್ಟಲಾದ ದಾರಿ, ಮಳೆಗಾಲದಲ್ಲಿ ಅದೇ ತೋಡು. ಆಫ್‌ರೋಡಿನವರಿಗೆ ಸ್ವರ್ಗ. ಅಲ್ಲಿಯ ಮನೆಯೊಂದರಲ್ಲಿ ನಾವು ನೀರು ಕುಡಿಯಲಿಕ್ಕೆ ನಿಲ್ಲುವುದುಂಟು. ಒಂದು ಸಲ ಆ ಮನೆಯ ಅಕ್ಕ ಬೆಲ್ಲ ನೀರು ಕೊಡುತ್ತಾ ಹೇಳಿದರು: "ನಿಮಗೆ ಇದು ಭಾನುವಾರದ ದಾರಿ ಮಕ್ಕಳೇ. ನಮಗೆ ಏಳೂ ದಿವಸದ ದಾರಿ. ನಿಮಗೆ ಸಿಕ್ಕಿ ಬಿದ್ದರೆ ನಗೆ. ನಮ್ಮ ಮಾವನಿಗೆ ಎದೆನೋವು ಬಂದ ದಿವಸ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಇಳಿದದ್ದು." ಅವರು ಬೈದು ಹೇಳಿದ್ದಲ್ಲ. ಇನ್ನೊಂದು ಲೋಟ ಬೇಕಾ ಎಂದು ಅದೇ ಉಸಿರಿನಲ್ಲಿ ಕೇಳಿದರು.

ಆ ದಾರಿಗೆ ಪಂಚಾಯತಿನಲ್ಲಿ ಕಾಂಕ್ರೀಟಿನ ಮಾತು ನಡೆಯುತ್ತಿತ್ತು. ಇಳಿದು ಬರುವಾಗ ನಮ್ಮ ಜೊತೆಗಿದ್ದ ಒಬ್ಬ, "ಇದಕ್ಕೆ ಕಾಂಕ್ರೀಟು ಹಾಕಿದರೆ ಮುಗಿಯಿತು ಮಾರಾಯ, ಮತ್ತೆ ಇಲ್ಲಿ ಎಂತ ಮಜಾ ಉಂಟು?" ಎಂದ. ಅವನು ಕೆಟ್ಟವನಲ್ಲ. ರಕ್ತ ಬೇಕೆಂದರೆ ಮೊದಲು ಓಡಿ ಹೋಗುವವನು. ಬಾಯಿಗೆ ಬಂದದ್ದನ್ನು ಹೇಳಿದ, ಅಷ್ಟೆ. ಆದರೆ ಮಾತು ನನ್ನ ತಲೆಯಲ್ಲಿ ಕೂತಿತು. ಕೆಸರುಗದ್ದೆಯ ಆಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಉಂಟು. ಗದ್ದೆಯ ಕಷ್ಟ ಮುಗಿದದ್ದು. ಈ ದಾರಿಯ ಕಷ್ಟ ಮುಗಿದಿಲ್ಲ. ಅಕ್ಕನಿಗೆ ದಾರಿ ಇಲ್ಲದಿರುವುದೂ ನಮಗೆ ಮೋಜು ಇರುವುದೂ ಒಂದೇ ಕಲ್ಲಿನ ಎರಡು ಮುಖ.

ಹಾಗಾದರೆ ಆ ದಾರಿಯಲ್ಲಿ ಸಂತೋಷಪಡುವುದೇ ತಪ್ಪೇ? ನನಗೆ ಹಾಗೆ ಅನಿಸುವುದಿಲ್ಲ. ಇದ್ದ ದಾರಿಯನ್ನು ಇದ್ದ ಹಾಗೆ ಕಂಡು, ಅದನ್ನು ದಾಟಿ ಖುಷಿಪಟ್ಟರೆ ಅಕ್ಕನಿಂದ ಏನನ್ನೂ ಕಿತ್ತುಕೊಂಡ ಹಾಗಾಗುವುದಿಲ್ಲ. ಆ ದಾರಿ ಹಾಗೆಯೇ ಇರಲಿ ಎಂದು ಬಯಸಿದ ಗಳಿಗೆಯಲ್ಲಿ ತಪ್ಪು ಸುರುವಾಗುತ್ತದೆ. ಬಯಕೆ ಮನಸ್ಸಿನೊಳಗೆ ಇದ್ದರೆ ಯಾರಿಗೆ ನಷ್ಟ ಎಂದು ಕೇಳಬಹುದು. ಮನಸ್ಸಿನೊಳಗೆ ಇದ್ದದ್ದು ಅಲ್ಲೇ ಇರುವುದಿಲ್ಲ. ಇಂದು 'ಮಜಾ ಹೋಯಿತು' ಎಂದವನು ನಾಳೆ ಗ್ರಾಮಸಭೆಯಲ್ಲಿ ಸುಮ್ಮನೆ ಕೂತಾನು. ನಾಡಿದ್ದು 'ಪ್ರಕೃತಿ ಹಾಳಾಗುತ್ತದೆ, ರೋಡು ಬೇಡ' ಎಂದು ಒಳ್ಳೆಯ ಮಾತಿನ ಅಂಗಿ ತೊಡಿಸಿ ಹೇಳಿಯಾನು. ತನ್ನ ಮನೆಯ ಅಂಗಳದ ತನಕ ಟಾರು ಹಾಕಿಸಿಕೊಂಡವನಿಗೆ ಇನ್ನೊಬ್ಬರ ಅಂಗಳದ ದಾರಿಯಲ್ಲಿ ಕಲ್ಲು ಉಳಿಯಲಿ ಎಂದು ಹೇಳುವ ಅಧಿಕಾರ ಇಲ್ಲ. ನಮ್ಮ ಜಿಲ್ಲೆಯ ನಂದಾರಪದವಿನಿಂದ ಹೊರಟು ತೆಂಕಣ ತುದಿಯ ಪಾರಶಾಲೆಯವರೆಗೆ ಹೋಗುವ ಮಲೆನಾಡು ಹೆದ್ದಾರಿ ಬಂದದ್ದು ಇಂಥ ಅಕ್ಕಂದಿರ ಊರುಗಳಿಗೆ. ಅದು ಬಂದುದರಿಂದ ಕೆಲವು ಒಳ್ಳೆಯ ಕೆಟ್ಟ ದಾರಿಗಳು ಹೋದವು ಎಂದು ನಾನು ದುಃಖಪಡುವುದಾದರೆ ನನ್ನ ಮೋಜಿನಲ್ಲೇ ಏನೋ ಕೊಳೆತಿದೆ ಎಂದು ಅರ್ಥ.

ಇದಕ್ಕೆ ಇನ್ನೊಂದು ಮಗ್ಗುಲು ಉಂಟು. ಕೊಡಚಾದ್ರಿಗೆ ಹೋದವರು ಈ ಊರಿನಲ್ಲಿ ಬಹಳ ಜನ ಇದ್ದೀರಿ. ಕೊಲ್ಲೂರಿನಲ್ಲಿ ದೇವಿಯ ದರ್ಶನ ಮುಗಿಸಿ, ಜೀಪು ಹಿಡಿದು, ಸರ್ವಜ್ಞಪೀಠ ನೋಡಲಿಕ್ಕೆ ಮೇಲೆ ಹೋಗುವುದು. 1,343 ಮೀಟರ್ ಎತ್ತರದ ಬೆಟ್ಟ. ಕೊನೆಯ ಭಾಗದ ದಾರಿಯಲ್ಲಿ ಜೀಪು ಕುಣಿಯುವಾಗ ಒಳಗೆ ಕೂತವರ ಬಾಯಲ್ಲಿ ದೇವಿಯ ಹೆಸರು ತಾನಾಗಿ ಬರುತ್ತದೆ. ಅಲ್ಲಿ ಆ ಕೆಟ್ಟ ದಾರಿಯೇ ಜೀಪು ಡ್ರೈವರುಗಳ ಅನ್ನ. ರೋಡು ನುಣ್ಣಗಾದರೆ ಎಲ್ಲರೂ ತಮ್ಮ ತಮ್ಮ ಕಾರಿನಲ್ಲೇ ಹೋದಾರು. ಮೇಲಾಗಿ ಅದು ಮೂಕಾಂಬಿಕಾ ಅಭಯಾರಣ್ಯದ ಕಾಡು. ಹಾಗಾಗಿ ಕೆಟ್ಟ ದಾರಿ ಎಲ್ಲ ಕಡೆಯೂ ಒಂದೇ ಅಲ್ಲ. ಒಂದು ದಾರಿ ಹೇಗಿರಬೇಕು ಎಂದು ಹೇಳುವ ಮೊದಲ ಹಕ್ಕು ಅದರಲ್ಲಿ ದಿನಾ ನಡೆಯುವವರದ್ದು, ಅದರಿಂದ ಬದುಕುವವರದ್ದು. ಭಾನುವಾರ ಬರುವವನು ಕೊನೆಯಲ್ಲಿ ಮಾತಾಡಬೇಕು. ಅದೂ ಕೇಳಿದರೆ ಮಾತ್ರ.

ಹಾಗಾದರೆ ಯಾರೂ ಇಲ್ಲದ ಪದವಿನಲ್ಲಿ ಆಡಬಹುದಲ್ಲ, ಅಲ್ಲಿ ಕೇಳುವವರು ಯಾರು ಎಂದು ಹೇಳುವವರಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಪದವುಗಳಿಗೆ ಬರವಿಲ್ಲ. ಮರವಿಲ್ಲದ, ಬೋಳು ಮುರಕಲ್ಲಿನ, ನೋಡಲಿಕ್ಕೆ ಯಾವ ಪ್ರಯೋಜನಕ್ಕೂ ಬಾರದ ಜಾಗ. ಬೇಸಿಗೆಯಲ್ಲಿ ನೋಡಿದರೆ ಬಾಣಲೆಯ ಹಾಗೆ ಕಾಯುತ್ತಿರುತ್ತದೆ. ಆದರೆ ಎರಡು ಮಳೆ ಬೀಳಲಿ. ಕಲ್ಲಿನ ಕುಳಿಗಳಲ್ಲಿ ಬೆರಳು ದಪ್ಪದ ಮಣ್ಣು ಉಂಟಲ್ಲ, ಅದರಲ್ಲಿ ಹುಲ್ಲು, ಬಿಳಿ ಗುಂಡಿಯಂಥ ಹೂಗಳು, ಆಮೇಲೆ ನೇರಳೆ ಹೂಗಳ ಹಾಸಿಗೆ. ಈ ನೇರಳೆ ಹೂವನ್ನು ಮಲಯಾಳದಲ್ಲಿ ಕಾಕ್ಕಪೂವು ಎನ್ನುತ್ತಾರೆ. ಓಣಂ ಹೊತ್ತಿಗೆ ಪೂಕಳಕ್ಕೆ ಮಕ್ಕಳು ಕೊಯ್ದು ತರುವುದು ಇದನ್ನೇ. ಮಣ್ಣಿನಲ್ಲಿ ಸಾರ ಇಲ್ಲದ್ದರಿಂದ ಇದು ಸಣ್ಣ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಟಿಟ್ಟಿಭ ಹಕ್ಕಿ ಬರಿ ನೆಲದಲ್ಲಿ ಚರಳು ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆ ಯಾವುದು ಕಲ್ಲು ಯಾವುದು ಎಂದು ಬಗ್ಗಿ ನೋಡಿದವನಿಗೇ ಗೊತ್ತಾಗುವುದಿಲ್ಲ. ಜೀಪಿನಲ್ಲಿ ಕೂತವನಿಗೆ ಹೇಗೆ ಗೊತ್ತಾದೀತು? ಹಕ್ಕಿ ತಲೆಯ ಮೇಲೆ ಸುತ್ತಿ ಕಿರಿಚಿದರೆ ಎಂಜಿನ್ನಿನ ಸದ್ದಿನಲ್ಲಿ ಅದೂ ಕೇಳುವುದಿಲ್ಲ.

ಪದವಿನಲ್ಲಿ ಯಾರೂ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ಅದರ ಮೇಲೆ ಇಲ್ಲದಿದ್ದರೂ ಅಡಿಯಲ್ಲಿ ಇದ್ದಾರೆ. ಮಳೆಯ ನೀರು ಪದವಿನ ಪಳ್ಳದಲ್ಲಿ ನಿಂತು, ಮುರಕಲ್ಲಿನ ಸಂದಿನಲ್ಲಿ ಇಂಗಿ, ಬೈಲಿನ ಒರತೆಗೆ, ಬಾವಿಗೆ, ಸುರಂಗಕ್ಕೆ ಬರುತ್ತದೆ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ನಮ್ಮ ಸುರಂಗಗಳನ್ನು ನೋಡಲಿಕ್ಕೆ ಹೊರದೇಶದವರೂ ಬರುತ್ತಾರೆ. ಅವುಗಳ ಬಗ್ಗೆ ಎಣ್ಮಕಜೆಯ ಶ್ರೀಪಡ್ರೆಯವರು ಬರೆದದ್ದನ್ನು ನೀವು ಓದಿರಬಹುದು. ಮಳೆಗಾಲದಲ್ಲಿ ಮೆತ್ತಗಾದ ನೆಲದ ಮೇಲೆ ಚಕ್ರ ಹೋದರೆ ಅದರ ಗುರುತು ಒಂದು ಕಣಿಯಾಗುತ್ತದೆ. ಮುಂದಿನ ಮಳೆಗೆ ನೀರು ಆ ಕಣಿಯನ್ನು ಹಿಡಿದು ಓಡುತ್ತದೆ, ಇಂಗುವುದಿಲ್ಲ. ಓಡುವಾಗ ಇದ್ದ ಬೆರಳು ದಪ್ಪದ ಮಣ್ಣನ್ನೂ ಕೊಂಡುಹೋಗುತ್ತದೆ. ಗುಡ್ಡೆಯ ಮೇಲೆ ಮಾಡಿದ್ದು ಗುಡ್ಡೆಯಲ್ಲೇ ಉಳಿಯುವುದಿಲ್ಲ ಎಂಬ ಪಾಠವನ್ನು ಕಾಸರಗೋಡಿನವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎರಡು ದಶಕಗಳ ಕಾಲ, 2000ದವರೆಗೆ, ಸಿಂಪಡಿಸಿದ ಎಂಡೋಸಲ್ಫಾನ್ ಎಲ್ಲಿಗೆ ಇಳಿಯಿತು ಎಂದು ಪಡ್ರೆಯ ಮನೆಮನೆಗೂ ಗೊತ್ತು. ಆ ಮಹಾ ಅನ್ಯಾಯಕ್ಕೂ ಜೀಪಿನ ಚಕ್ರದ ಗುರುತಿಗೂ ಹೋಲಿಕೆ ಮಾಡುತ್ತಿಲ್ಲ. ನೀರು ಇಳಿಯುವ ದಾರಿ ಮಾತ್ರ ಎರಡಕ್ಕೂ ಒಂದೇ.

ಕಲ್ಲಿನ ಕೋರೆಯವರು ಇಡೀ ಗುಡ್ಡೆಯನ್ನೇ ಕೊಯ್ದು ಲಾರಿಯಲ್ಲಿ ಸಾಗಿಸುವಾಗ, ಹೆದ್ದಾರಿ ಅಗಲ ಮಾಡಲಿಕ್ಕೆ ಗುಡ್ಡೆಗಳನ್ನು ನೆಟ್ಟಗೆ ಕತ್ತರಿಸಿ ಹಾಕುವಾಗ, ನಮ್ಮ ಒಂದು ಜೀಪಿನ ಲೆಕ್ಕ ಎಂಥದು ಎಂದು ಗೆಳೆಯರು ಕೇಳುತ್ತಾರೆ. ಕೇಳುವ ಮಾತೇ. ನಷ್ಟದ ತೂಕ ಹಾಕಿದರೆ ನಮ್ಮದು ಸಾಸಿವೆ. ಆದರೆ ಕೋರೆಯ ಕಲ್ಲಿನಿಂದ ಯಾರದೋ ಮನೆಯ ಗೋಡೆ ಏಳುತ್ತದೆ, ಹೆದ್ದಾರಿಯಲ್ಲಿ ಆಂಬ್ಯುಲೆನ್ಸ್ ಹೋಗುತ್ತದೆ. ಅವುಗಳ ಸರಿ ತಪ್ಪುಗಳ ಬಗ್ಗೆ ಬೇರೆಯೇ ಜಗಳ ಮಾಡಬಹುದು. ಬರೀ ಸಂತೋಷಕ್ಕೆ ಮಾಡುವವನ ಕೈ ಅಗತ್ಯಕ್ಕೆ ಮಾಡುವವನ ಕೈಗಿಂತ ಹಗುರ ಇರಬೇಕು. ಹಸಿದವನು ಎಲೆ ತುಂಬ ಬಡಿಸಿಕೊಂಡರೆ ಯಾರೂ ಏನೂ ಹೇಳುವುದಿಲ್ಲ. ರುಚಿ ನೋಡಲಿಕ್ಕೆ ಕೂತವನು ಎಲೆ ತುಂಬ ಹಾಕಿಸಿಕೊಂಡು ಬಿಟ್ಟು ಎದ್ದರೆ ಹೇಳಬೇಕಾಗುತ್ತದೆ.

ಈ ವಿಚಾರಗಳನ್ನೆಲ್ಲ ಗಾಡಿ ಓಡಿಸುವಾಗ ತಲೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ. ಆದ್ದರಿಂದ ನಾವು ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಹಿಂದೆ ಜೀಪೋ ಟ್ರ್ಯಾಕ್ಟರೋ ಹೋದ ದಾರಿಯಲ್ಲಿ ಮಾತ್ರ ಹೋಗುವುದು, ಹೊಸ ಗುರುತು ಮಾಡುವುದಿಲ್ಲ. ಕಾಡಿನೊಳಗೆ ಅನುಮತಿ ಇಲ್ಲದೆ ಚಕ್ರ ಇಡುವುದು ಅಪರಾಧ, ಅದು ನಮಗೆ ಬೇಡ. ಖಾಸಗಿ ಜಾಗವಾದರೆ ಯಜಮಾನರನ್ನು ಕೇಳಿ. ಮೊದಲ ಮಳೆಯಿಂದ ಓಣಂ ಕಳೆಯುವ ತನಕ ಪದವಿಗೆ ಹೋಗುವುದೇ ಇಲ್ಲ, ಆ ದಿನಗಳು ಹೂವಿನದ್ದು. ಜೀಪಿನಲ್ಲಿ ಹಗ್ಗದ ಜೊತೆ ಎರಡು ಹಾರೆ ಇರುತ್ತದೆ. ನಮ್ಮ ಚಕ್ರ ತೋಡಿದ ಹೊಂಡವನ್ನು ನಾವೇ ಮುಚ್ಚಿ ಬರುವುದು. ಮನೆಗಳಿರುವ ದಾರಿಯಲ್ಲಿ ಮೇಲೆ ಹೋಗುವಾಗ ಜೀಪು ಖಾಲಿ ಹೋಗಬಾರದು. ಅಕ್ಕಿಯೋ, ಗ್ಯಾಸ್ ಸಿಲಿಂಡರೋ, ಗೊಬ್ಬರವೋ, ಕೆಳಗಿನ ಅಂಗಡಿಯಲ್ಲಿ ಕಾದು ಕೂತ ಅಜ್ಜನೋ, ಏನಾದರೂ ಇರಬೇಕು. ಇದನ್ನು ಪರೋಪಕಾರ ಎಂದು ಹೇಳಿಕೊಳ್ಳಲಿಕ್ಕೆ ಮಾಡಿದ್ದಲ್ಲ. ಭಾರ ಇದ್ದರೆ ಜೀಪಿಗೆ ಹಿಡಿತವೂ ಒಳ್ಳೆಯದು.

ನಮ್ಮ ಊರಿನ ಮಾಸ್ಟ್ರುಗಳಿಗೆ ಒಂದು ಮಾತು. ಹೈಸ್ಕೂಲಿನ ಹುಡುಗರು ಫೋನಿನಲ್ಲಿ ಕೆಸರು ಹಾರಿಸುವ ಗಾಡಿಗಳ ವೀಡಿಯೋ ನೋಡುತ್ತಾರೆ, ನಾಳೆ ತಾವೂ ಹೋಗಬೇಕೆಂದು ಆಸೆಪಡುತ್ತಾರೆ. ಅದು ಕೆಟ್ಟ ಆಸೆ ಎಂದು ಬೈಯಬೇಡಿ. ಬೈದರೆ ಕದ್ದು ಹೋದಾರು. ಒಂದು ಸಲ ಮಳೆಗಾಲದಲ್ಲಿ ಅವರನ್ನು ಹತ್ತಿರದ ಪದವಿಗೆ ನಡೆಸಿಕೊಂಡು ಹೋಗಿ ಕಾಕ್ಕಪೂವು ತೋರಿಸಿ. ಆಮೇಲೆ ಕೆಳಗೆ ಇಳಿದು ಯಾರದಾದರೂ ಸುರಂಗದ ಬಾಯಲ್ಲಿ ನೀರು ಬೀಳುವುದನ್ನು ತೋರಿಸಿ. ಮತ್ತೆ ಅವರು ಜೀಪು ಹತ್ತಲಿ. ಚಕ್ರದಡಿಯಲ್ಲಿ ಏನುಂಟು ಎಂದು ಗೊತ್ತಿರುವವನು ಗಾಡಿಯನ್ನು ಬೇರೆಯೇ ರೀತಿ ಓಡಿಸುತ್ತಾನೆ.

ಏಳೆಂಟು ಮನೆಗಳ ಆ ದಾರಿಗೆ ಕಳೆದ ವರ್ಷ ಕಾಂಕ್ರೀಟು ಬಿತ್ತು. ಪೂರ್ತಿ ಅಲ್ಲ, ತೀರಾ ಕಡಿದಾದ ಎರಡು ಏರುಗಳಿಗೆ ಮಾತ್ರ. ಜಲ್ಲಿ ಹೊಯಿಗೆ ಮೇಲೆ ಮುಟ್ಟಿಸಲಿಕ್ಕೆ ಪಿಕಪ್ಪಿನವರು ಒಪ್ಪಲಿಲ್ಲ. ನಮ್ಮ ಜೀಪು, ಇನ್ನೂ ಎರಡು ಹಳೆ ಜೀಪುಗಳು ಸೇರಿ ನಾಲ್ಕು ಭಾನುವಾರ ಸಾಗಿಸಿದವು. 'ಮಜಾ ಹೋಯಿತು' ಎಂದಿದ್ದವನೇ ಹೆಚ್ಚು ಟ್ರಿಪ್ ಹೊಡೆದದ್ದು. ಹೊಯಿಗೆಯ ಭಾರದಲ್ಲಿ ಆ ಏರನ್ನು ಹತ್ತುವುದು ಖಾಲಿ ಹತ್ತಿದ್ದಕ್ಕಿಂತ ಎಷ್ಟೋ ಕಷ್ಟ. ಇಷ್ಟು ವರ್ಷದಲ್ಲಿ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ ಎಂದು ಅವನೇ ಹೇಳಿದ. ಈಗ ಆ ಏರಿನಲ್ಲಿ ಆಟೋ ಹೋಗುತ್ತದೆ. ಅಕ್ಕನ ಮಾವನವರನ್ನು ತಿಂಗಳಿಗೊಮ್ಮೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುವುದು ಆಟೋದಲ್ಲೇ. ನಮ್ಮ ಜೀಪಿಗೆ ಅಲ್ಲಿ ಫೋರ್‌ವೀಲ್ ಹಾಕುವ ಕೆಲಸ ಇಲ್ಲ. ಎರಡೇ ಚಕ್ರದಲ್ಲಿ ಹತ್ತುತ್ತದೆ.